ಇಂಗ್ಲಿಷಿನ ವರ್ಣವಿಚಾರವೂ ಶಬ್ದನಿಷ್ಪತ್ತಿಯೂ: ಪ್ರವೇಶಗ್ರಂಥಗಳ ಕ್ರಮವನ್ನು ಕುರಿತು ಒಂದು ವಿಮರ್ಶೆ

1

ಇಂಗ್ಲಿಷ್ ಭಾಷೆಯನ್ನು ಶಾಸ್ತ್ರೀಯವಾಗಿ ವ್ಯಾಸಂಗಮಾಡತೊಡಗಿದ ವಿದ್ಯಾರ್ಥಿಗೆ ಮೊದಲು ಉಪದೇಶಿಸಲ್ಪಡುವ ವಿಷಯಗಳು ಮೂರು. ಧ್ವನಿಗಳು ಬಾಯಿಯಲ್ಲಿ ಹುಟ್ಟುವ ಸ್ಥಾನ, ಕರಣ, ಪ್ರಯತ್ನಗಳ ವಿಚಾರವು ಒಂದು. ಆ ಧ್ವನಿಗಳಲ್ಲಿ ಯಾವುವು ಅರ್ಥಭೇದಕ್ಕೆ ಕಾರಣವಾಗಿ ಆ ಭಾಷೆಯಲ್ಲಿ ವ್ಯವಸ್ಥೆಗೊಂಡು ನಿಂತಿವೆ ಎಂಬ ವಿಚಾರವು ಎರಡನೆಯದು. ಪ್ರಕೃತಿಪ್ರತ್ಯಯಗಳು ಕೂಡಿ ಶಬ್ದಗಳು ಸಿದ್ಧಿಸುವ ಬಗೆಯು ಮೂರನೆಯದು. ಇವುಗಳನ್ನು ಈ ಲೇಖನದಲ್ಲಿ ಕ್ರಮವಾಗಿ ಧ್ವನಿವಿಚಾರ, ವರ್ಣವಿಚಾರ, ಶಬ್ದನಿಷ್ಪತ್ತಿ ಎಂದು ಕರೆಯುವೆನು. ಮೂರಕ್ಕೂ ಆಂಗ್ಲದೇಶದಲ್ಲಿಯೂ ಅಮೆರಿಕೆಯಲ್ಲಿಯೂ ಉತ್ತಮವಾದ ಗ್ರಂಥಗಳು ಹುಟ್ಟಿವೆ. ಅವುಗಳ ಪಾಂಡಿತ್ಯವನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಅವುಗಳಲ್ಲಿ ವಿಷಯಗಳನ್ನು ಜೋಡಿಸಿರುವ ಕ್ರಮವು ವಿದ್ಯಾರ್ಥಿಗೆ, ವಿಶೇಷವಾಗಿ ನಮ್ಮ ದೇಶದ ವಿದ್ಯಾರ್ಥಿಗೆ, ಎಷ್ಟರಮಟ್ಟಿಗೆ ಉಪಕಾರಕವಾಗಿದೆ ಎಂಬುದೇ ಇಲ್ಲಿಯ ಪ್ರಶ್ನೆ.

ಈ ಪ್ರಶ್ನೆ ನನ್ನಲ್ಲಿ ಹುಟ್ಟಿದ ಸಂದರ್ಭವನ್ನು ಹೇಳದೆ ಮುಂದುವರಿಯುವುದು ಸರಿಯಲ್ಲ. ನಾನು ಸಂಸ್ಕೃತ ಪಾಠಶಾಲೆಯಲ್ಲಿ ಓದಿದವನು. ಇಂಗ್ಲಿಷನ್ನು ಪುಸ್ತಕದಿಂದ, ಅದೂ ತಡವಾಗಿ, ಕಲಿತವನು. ಕೆಲವು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿಯು ನನ್ನನ್ನು ಕೇಳಿದನು: “ಗುರುಗಳೇ, ಫೋಟೊಗ್ರಾಫ್ ಎಂಬಲ್ಲಿ ಮೊದಲನೆಯ ಅಕ್ಷರವನ್ನು ಒತ್ತಿ ಹೇಳುವ ಇಂಗ್ಲಿಷರು ಫೊಟಾಗ್ರಫಿ ಎಂಬಲ್ಲಿ ಎರಡನೆಯದನ್ನು ಏಕೆ ಒತ್ತುತ್ತಾರೆ? ಶಬ್ದ ಒಂದೇ ಅಲ್ಲವೇ?” “ಆ ಭಾಷೆಗೆ ನಿಯಮವಿಲ್ಲವಪ್ಪಾ, ಕೇಳಿ ಕಲಿಯಬೇಕು” ಎಂದುಬಿಟ್ಟೆನು. ಹುಡುಗನು ಒಪ್ಪಿ ಹೋದನು. ಆದರೆ ನನಗೆ ಸಮಾಧಾನವಾಗಲಿಲ್ಲ. ನಿಯಮವಿಲ್ಲವೆಂಬುದು ವೈಯಾಕರಣನು ಎಲ್ಲವನ್ನೂ ಹುಡುಕಿದ ಮೇಲೆ ಆಡತಕ್ಕ ಕಡೆಯ ಮಾತು. ನಾನು ಅದನ್ನು ಮೊದಲ ಮಾತಾಗಿ ಆಡಿದ್ದೆನು. ಅನಂತರ ಆ ಪ್ರಶ್ನೆಗೆ ಉತ್ತರವನ್ನು ಪ್ರವೇಶಗ್ರಂಥಗಳಲ್ಲಿ ಹುಡುಕುತ್ತ ಹೋದಾಗ ಉತ್ತರವು ಇದೆಯೆಂದೂ, ಅದು ಒಂದೆಡೆಯಲ್ಲಿ ಇಲ್ಲದೆ ಮೂರು ನಾಲ್ಕು ಕಡೆ ಚದುರಿಹೋಗಿದೆಯೆಂದೂ ತಿಳಿಯಿತು.

ಡೇನಿಯಲ್ ಜೋನ್ಸ್ ಎಂಬ ಪ್ರಸಿದ್ಧ ಧ್ವನಿಶಾಸ್ತ್ರಜ್ಞರು 1918ರಲ್ಲಿ ಪ್ರಕಟಿಸಿದ ‘ಆ್ಯನ್ ಔಟ್‌ಲೈನ್ ಆಫ್ ಇಂಗ್ಲಿಷ್ ಫೊನೆಟಿಕ್ಸ್’ ಎಂಬ ಗ್ರಂಥವು ಇಂಗ್ಲಿಷರಲ್ಲದ ವಿದ್ಯಾರ್ಥಿಗಳಿಗೆ ಬಹುಕಾಲ ಆಧಾರವಾಗಿದ್ದಿತು. ಅದರಲ್ಲಿ ವಾಗಿಂದ್ರಿಯಗಳ ವರ್ಣನೆ ಮೊದಲು, ಸ್ವರವ್ಯಂಜನಗಳು ಆಮೇಲೆ, ಕಾಲಪ್ರಮಾಣ, ಬಲಾಘಾತ, ಕಾಕು ಇವು ಕಡೆಯಲ್ಲಿ ಬರುತ್ತವೆ. ಶಬ್ದನಿಷ್ಪತ್ತಿಯು ಅದರ ವಿಷಯವೇ ಅಲ್ಲ. 1983ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಮುದ್ರಣಾಲಯದಿಂದ ಎರಡು ಗ್ರಂಥಗಳು ಹೊರಬಂದವು. ಪೀಟರ್ ರೋಚ್ ಅವರ ‘ಇಂಗ್ಲಿಷ್ ಫೊನೆಟಿಕ್ಸ್ ಆ್ಯಂಡ್ ಫೊನಾಲಜಿ’ ಒಂದು. ಲಾರಿ ಬಾವರ್ ಅವರ ‘ಇಂಗ್ಲಿಷ್ ವರ್ಡ್ ಫಾರ್ಮೇಷನ್’ ಮತ್ತೊಂದು. ಮೊದಲನೆಯದರಲ್ಲಿ ಪ್ರತ್ಯಯಾಂತ ಶಬ್ದಗಳ ಬಲಾಘಾತವು ಹನ್ನೊಂದನೆಯ ಅಧ್ಯಾಯವನ್ನು ಕಾಯಬೇಕಾಗಿದೆ. ಎರಡನೆಯದರಲ್ಲಿ ಧ್ವನಿವ್ಯವಸ್ಥೆಯ ವಿಚಾರಕ್ಕೆ ಒಂದು ಅಧ್ಯಾಯವು ಮೀಸಲಾಗಿದೆ. ಒಂದೇ ವರ್ಷದಲ್ಲಿ ಒಂದೇ ಮುದ್ರಣಾಲಯದಿಂದ ಬಂದ ಈ ಎರಡು ಒಳ್ಳೆಯ ಪುಸ್ತಕಗಳನ್ನು ಅಕ್ಕಪಕ್ಕದಲ್ಲಿ ತೆರೆದಿಟ್ಟುಕೊಂಡಲ್ಲದೆ ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಪೂರ್ಣವಾದ ಉತ್ತರವು ದೊರೆಯದು.

ಇಂಗ್ಲಿಷಿನಲ್ಲಿ ಧ್ವನಿ, ವರ್ಣ, ಪ್ರತ್ಯಯ ಇವು ಮೂರು ಪ್ರತ್ಯೇಕ ಪ್ರಕರಣಗಳಲ್ಲ. ಪ್ರತ್ಯಯವು ಸೇರುವ ಸ್ಥಳದಲ್ಲಿಯೇ ಆ ಭಾಷೆಯ ವರ್ಣನಿಯಮಗಳು ಕಣ್ಣಿಗೆ ಕಾಣಿಸುತ್ತವೆ. ಆದುದರಿಂದ ಪಾಠವು ಆ ಸ್ಥಳದಿಂದಲೇ ಪ್ರಾರಂಭವಾಗತಕ್ಕದ್ದು. ಇದು ಈ ಲೇಖನದ ಪ್ರತಿಜ್ಞೆ. ಉದಾಹರಣೆಗಳೆಲ್ಲವೂ ದಕ್ಷಿಣ ಇಂಗ್ಲೆಂಡಿನ ಶಿಷ್ಟೋಚ್ಚಾರಣೆಯನ್ನು ಅನುಸರಿಸಿವೆ. ಶಬ್ದಗಳನ್ನು ಕನ್ನಡ ಲಿಪಿಯಲ್ಲಿಯೇ ಬರೆದು, ಲಿಪಿಯಲ್ಲಿ ತೋರದುದನ್ನು ಮಾತಿನಲ್ಲಿ ವಿವರಿಸಿದೆ. ‘ಅಕ್ಷರ’ವೆಂಬ ಮಾತನ್ನು ಛಂದಶ್ಶಾಸ್ತ್ರದಲ್ಲಿರುವಂತೆ ಒಂದು ಸ್ವರವನ್ನು ಆಶ್ರಯಿಸಿದ ಉಚ್ಚಾರಣೆಯ ಘಟಕವೆಂಬ ಅರ್ಥದಲ್ಲಿ ಬಳಸಿದೆ.

2

ಧ್ವನಿವಿಚಾರಕ್ಕೂ ವರ್ಣವಿಚಾರಕ್ಕೂ ಇರುವ ಭೇದವನ್ನು ಪ್ರವೇಶಗ್ರಂಥಗಳು ಲಕ್ಷಣವಾಕ್ಯದಿಂದ ಹೇಳಿ ಮುಗಿಸುವುದುಂಟು. ನಮ್ಮಲ್ಲಿ ಅದು ಎರಡು ಪಟ್ಟಿಗಳ ರೂಪದಲ್ಲಿಯೇ ಇದೆ. ಕ, ಖ, ಗ, ಘ ಎಂದು ಕಂಠದಿಂದ ತುಟಿಯವರೆಗೆ ಸಾಗುವ ವರ್ಣಮಾಲೆಯು ಶಿಕ್ಷಾಕಾರರ ಪಟ್ಟಿ. ಅದು ಹುಟ್ಟುವ ಸ್ಥಾನವನ್ನು ಅನುಸರಿಸಿದೆ. ಹದಿನಾಲ್ಕು ಮಾಹೇಶ್ವರಸೂತ್ರಗಳು ವೈಯಾಕರಣನ ಪಟ್ಟಿ. ಅಲ್ಲಿ ಅದೇ ವರ್ಣಗಳು ಬೇರೊಂದು ಕ್ರಮದಲ್ಲಿವೆ. ಯಾವ ಯಾವ ವರ್ಣಗಳಿಗೆ ಒಟ್ಟಾಗಿ ಒಂದು ಕಾರ್ಯವು ಉಂಟಾಗುವುದೋ ಅವುಗಳನ್ನು ಇಕ್, ಯಣ್, ಝಲ್ ಎಂಬ ಪ್ರತ್ಯಾಹಾರಗಳಿಂದ ಹಿಡಿಯಲು ಅನುಕೂಲವಾಗುವಂತೆ ಆ ಕ್ರಮವು ಏರ್ಪಟ್ಟಿದೆ. ಸ್ಥಾನವನ್ನು ಕೇಳುವವನಿಗೆ ಮೊದಲನೆಯ ಪಟ್ಟಿ, ಕಾರ್ಯವನ್ನು ಕೇಳುವವನಿಗೆ ಎರಡನೆಯ ಪಟ್ಟಿ. ಎರಡೂ ಬೇಕು, ಒಂದು ಮತ್ತೊಂದರ ಸ್ಥಾನವನ್ನು ತುಂಬಲಾರದು.

ಈ ವಿವೇಕವು ಅಷ್ಟಾಧ್ಯಾಯಿಯ ಕಟ್ಟಕಡೆಯ ಸೂತ್ರದಲ್ಲಿ ಸ್ಫುಟವಾಗಿದೆ. ಹ್ರಸ್ವವಾದ ಅಕಾರವು ಉಚ್ಚಾರಣೆಯಲ್ಲಿ ಸಂವೃತ, ಆಕಾರವು ವಿವೃತ. ಪ್ರಯತ್ನಭೇದವಿರುವುದರಿಂದ ಅವೆರಡು ಸವರ್ಣಗಳಾಗಲಾರವು. ಸವರ್ಣಗಳಾಗದಿದ್ದರೆ ದೀರ್ಘಸಂಧಿಯು ಸಿದ್ಧಿಸದು. ಆದುದರಿಂದ ಪಾಣಿನಿಯು ಶಾಸ್ತ್ರಪ್ರಕ್ರಿಯೆಯು ನಡೆಯುವಷ್ಟು ಹೊತ್ತು ಅಕಾರವನ್ನು ವಿವೃತವೆಂದೇ ಇಟ್ಟುಕೊಂಡು, ಎಲ್ಲ ಕಾರ್ಯಗಳೂ ಮುಗಿದ ಬಳಿಕ, ಎಂಟನೆಯ ಅಧ್ಯಾಯದ ನಾಲ್ಕನೆಯ ಪಾದದ 68ನೆಯ ಸೂತ್ರದಲ್ಲಿ ಅದನ್ನು ಸಂವೃತವಾಗಿ ಹಿಂದಿರುಗಿಸುತ್ತಾನೆ. ವ್ಯವಸ್ಥೆಯಲ್ಲಿರುವ ವರ್ಣವು ಬೇರೆ, ಬಾಯಿಂದ ಹೊರಡುವ ಧ್ವನಿಯು ಬೇರೆ, ಆದರೂ ಅವೆರಡಕ್ಕೂ ನಿಯತವಾದ ಸಂಬಂಧವಿದೆ ಎಂಬುದನ್ನು ಇದಕ್ಕಿಂತ ಸಂಕ್ಷೇಪವಾಗಿ ಹೇಳುವುದು ಕಷ್ಟ.

ಇಂಗ್ಲಿಷಿನ ಪಿನ್ ಎಂಬ ಶಬ್ದವನ್ನು ತೆಗೆದುಕೊಳ್ಳೋಣ. ಅಲ್ಲಿ ಪಕಾರದ ಹಿಂದೆಯೇ ಉಸಿರು ಹೊರಬೀಳುವುದು. ಧ್ವನಿಯು ನಮ್ಮ ಫಕಾರಕ್ಕೆ ಸಮೀಪ. ಸ್ಪಿನ್ ಎಂಬಲ್ಲಿ ಸಕಾರದ ಮುಂದಿರುವ ಪಕಾರಕ್ಕೆ ಆ ಉಸಿರಿಲ್ಲ. ಅದು ನಮ್ಮ ಅಲ್ಪಪ್ರಾಣ ಪಕಾರವೇ. ಇಂಗ್ಲಿಷನು ಈ ಭೇದವನ್ನು ಮಾಡುತ್ತಾನೆ, ಆದರೆ ಗಮನಿಸುವುದಿಲ್ಲ; ಏಕೆಂದರೆ ಅವನ ಭಾಷೆಯಲ್ಲಿ ಅದರಿಂದ ಅರ್ಥವು ಬದಲಾಗದು. ನಮ್ಮವನು ಪಲವೆಂದರೆ ಒಂದು ತೂಕ, ಫಲವೆಂದರೆ ಹಣ್ಣು ಎಂದು ಬಾಲ್ಯದಿಂದ ಕಲಿತವನಾದುದರಿಂದ ಅದನ್ನು ಗಮನಿಸಬಲ್ಲನು, ಆದರೆ ಮಾಡುವುದಿಲ್ಲ; ಇಂಗ್ಲಿಷ್ ಲಿಪಿಯಲ್ಲಿ ಒಂದೇ ಗುರುತನ್ನು ನೋಡಿ ಎರಡು ಕಡೆಯೂ ಅಲ್ಪಪ್ರಾಣವನ್ನೇ ನುಡಿಯುತ್ತಾನೆ. ಅಂಥ ಪಿನ್ ಶಬ್ದವು ಇಂಗ್ಲಿಷರ ಕಿವಿಗೆ ಬಿನ್ ಎಂದು ಕೇಳಿಸುವ ಸಂಭವವುಂಟು. ಆದುದರಿಂದ ಅರ್ಥಭೇದಕವಲ್ಲದ ಧ್ವನಿಭೇದವನ್ನು ನಗಣ್ಯವೆಂದು ಬಿಡುವ ಹಾಗಿಲ್ಲ.

ಲಕಾರದಲ್ಲಿಯೂ ಹೀಗೆಯೇ. ಲೀಫ್ ಎಂಬಲ್ಲಿಯ ಲಕಾರಕ್ಕೂ ಫೀಲ್ ಎಂಬಲ್ಲಿಯ ಲಕಾರಕ್ಕೂ ಭೇದವಿದೆ. ಎರಡನೆಯದರಲ್ಲಿ ನಾಲಗೆಯ ಹಿಂಭಾಗವು ಮೇಲಕ್ಕೇರುವುದು. ಆದರೆ ನಮ್ಮ ಹಲ್ಲಿ, ಹಳ್ಳಿ ಎಂಬ ಶಬ್ದಗಳಲ್ಲಿರುವಂತೆ ಆ ಭೇದವು ಅಲ್ಲಿ ಅರ್ಥವನ್ನು ಬೇರ್ಪಡಿಸುವುದಿಲ್ಲ. ಇದಕ್ಕೆ ವಿಪರೀತವಾಗಿ, ದ್ರಾಕ್ಷಾರಸವೆಂಬ ಅರ್ಥದ ವೈನ್, ಬಳ್ಳಿಯೆಂಬ ಅರ್ಥದ ವೈನ್ ಇವೆರಡನ್ನು ನಾವು ಒಂದೇ ವಕಾರದಿಂದ ಬರೆದು ಒಂದೇ ವಕಾರದಿಂದ ನುಡಿಯುತ್ತೇವೆ. ಇಂಗ್ಲಿಷಿನಲ್ಲಿ ಮೊದಲನೆಯದು ತುಟಿಗಳನ್ನು ದುಂಡಾಗಿಸಿ ಹೇಳುವ ಓಷ್ಠ್ಯ; ಎರಡನೆಯದು ಕೆಳದುಟಿಗೆ ಮೇಲ್ದವಡೆಯ ಹಲ್ಲನ್ನು ತಾಗಿಸಿ ಹೇಳುವ ದಂತೋಷ್ಠ್ಯ. ನಮ್ಮ ಲಿಪಿಯು ಎಲ್ಲಿ ಶ್ರೀಮಂತವೋ ಅಲ್ಲಿ ಇಂಗ್ಲಿಷಿಗೆ ಅದು ಬೇಕಾಗಿಲ್ಲ. ಎಲ್ಲಿ ಬೇಕೋ ಅಲ್ಲಿ ನಮ್ಮಲ್ಲಿ ಇಲ್ಲ.

ಟಕಾರದ ವಿಷಯವನ್ನು ಒಂದು ಮಾತಿನಲ್ಲಿ ಹೇಳಬಹುದು. ಇಂಗ್ಲಿಷಿನ ಆ ವರ್ಣವು ಮೂರ್ಧನ್ಯವೂ ಅಲ್ಲ, ಹಲ್ಲಿಗೆ ತಾಗುವ ದಂತ್ಯವೂ ಅಲ್ಲ. ಹಲ್ಲಿನ ಹಿಂದಿರುವ ಒಸಡಿನ ಏರಿನಲ್ಲಿ ಹುಟ್ಟುವುದು. ತೈತ್ತಿರೀಯ ಪ್ರಾತಿಶಾಖ್ಯವು ತವರ್ಗಕ್ಕೆ ದಂತಮೂಲವನ್ನು ಸ್ಥಾನವಾಗಿ ಹೇಳಿರುವುದರಿಂದ ಆ ಪರಿಭಾಷೆಯು ನಮಗೆ ಹೊಸದಲ್ಲ. ಹೀಗಿದ್ದರೂ ಬಹುಮಂದಿ ಉಪಾಧ್ಯಾಯರು ಅದನ್ನು ನಮ್ಮ ಟಕಾರವೆಂದೇ ಕಲಿಸುತ್ತಾರೆ.

ಪ್ರವೇಶಗ್ರಂಥಗಳು ಇಂಗ್ಲಿಷಿಗೆ 26 ಲಿಪಿಗಳಿದ್ದರೂ ವರ್ಣಗಳು 44 ಎಂದೂ, ಅವುಗಳಲ್ಲಿ ವ್ಯಂಜನಗಳು 24, ಸ್ವರಗಳು ಸಂಧ್ಯಕ್ಷರಗಳೂ ಸೇರಿ 20 ಎಂದೂ ಎಣಿಸುತ್ತವೆ. ಲೆಕ್ಕವು ಸರಿಯೇ. ಆದರೆ ಲೆಕ್ಕವನ್ನು ಒಪ್ಪಿಸುವುದೇ ಶಾಸ್ತ್ರಜ್ಞಾನವೆಂದು ವಿದ್ಯಾರ್ಥಿಯು ತಿಳಿಯುವಂತಾಗಿದೆ. ಕನ್ನಡದಲ್ಲಿ ಕೇಶಿರಾಜನು ವರ್ಣಗಳನ್ನು ಎಣಿಸಿದಾಗ ಸಂಸ್ಕೃತದ ಪಟ್ಟಿಯನ್ನು ಹಾಗೆಯೇ ಒಪ್ಪಿಸಲಿಲ್ಲ. ಕನ್ನಡಕ್ಕೆ ಬೇಡವಾದುವನ್ನು ಕಳೆದು, ಱ, ೞ ಮೊದಲಾದ ದೇಶೀಯಗಳನ್ನು ಕೂಡಿಸಿ, ಈ ಭಾಷೆಯಲ್ಲಿ ಕೆಲಸಮಾಡುವ ವರ್ಣಗಳು ಯಾವುವು ಎಂಬುದನ್ನು ನಿರ್ಣಯಿಸಿದನು. ಎಣಿಕೆಯು ಆ ನಿರ್ಣಯದ ಫಲವೇ ಹೊರತು ಆರಂಭವಲ್ಲ.

3

ಈ ವರ್ಣಗಳು ಕೆಲಸಮಾಡುವುದನ್ನು ನೋಡಬೇಕಾದರೆ ಪ್ರತ್ಯಯಗಳ ಬಳಿಗೆ ಹೋಗಬೇಕು. ಇಂಗ್ಲಿಷಿನ ಬಹುವಚನಪ್ರತ್ಯಯವು ಬರವಣಿಗೆಯಲ್ಲಿ ‘ಎಸ್’ ಎಂಬ ಒಂದೇ ಗುರುತು. ಉಚ್ಚಾರಣೆಯಲ್ಲಿ ಅದಕ್ಕೆ ಮೂರು ರೂಪಗಳು: ಕ್ಯಾಟ್ಸ್ ಎಂಬಲ್ಲಿ ಸಕಾರ, ಡಾಗ್ಜ಼್ ಎಂಬಲ್ಲಿ ಅದರ ಘೋಷರೂಪವಾದ ಜ಼ಕಾರ, ಬಸಿಜ಼್ ಎಂಬಲ್ಲಿ ನಡುವೆ ಇಕಾರದ ಆಗಮವುಳ್ಳ ಜ಼ಕಾರ. ಪ್ರಕೃತಿಯ ಕೊನೆಯಲ್ಲಿ ಸ, ಜ಼, ಶ, ಚ, ಜ ಮೊದಲಾದ ಸೀತ್ಕಾರವುಳ್ಳ ವರ್ಣಗಳಿದ್ದರೆ ಆಗಮ. ಇಲ್ಲದಲ್ಲಿ ಅಘೋಷದ ಪರವಾಗಿ ಅಘೋಷ, ಘೋಷದ ಪರವಾಗಿ ಘೋಷ. ಭೂತಕಾಲದ ಪ್ರತ್ಯಯಕ್ಕೂ ಇದೇ ನ್ಯಾಯ: ವಾಕ್ಟ್, ಬೆಗ್ಡ್, ವಾಂಟಿಡ್. ಅಲ್ಲಿ ಆಗಮಕ್ಕೆ ನಿಮಿತ್ತವು ಪ್ರಕೃತಿಯ ಕೊನೆಯ ಟಕಾರ ಡಕಾರಗಳು. ಸಜಾತೀಯವಾದ ಎರಡು ವರ್ಣಗಳು ಒಂದರ ಮೇಲೊಂದು ಬಿದ್ದಾಗ ನಡುವೆ ಸ್ವರವು ಬರುವುದೆಂಬ ಒಂದೇ ತತ್ತ್ವವು ಎರಡು ಕಡೆಯೂ ಇದೆ.

ಸಂಸ್ಕೃತವನ್ನು ಬಲ್ಲ ವಿದ್ಯಾರ್ಥಿಗೆ ಇದು ಒಡನೆಯೇ ಪರಿಚಿತವಾಗಿ ತೋರುವುದು. ಆದರೆ ಇಲ್ಲಿ ಎಚ್ಚರ ಬೇಕು. ತದ್ ಎಂಬುದು ಪರ ಎಂಬುದರೊಡನೆ ಸೇರಿ ತತ್ಪರವಾಗುವಾಗ (8.4.55) ಹಿಂದಿನ ವರ್ಣವು ಮುಂದಿನದನ್ನು ಅನುಸರಿಸಿತು. ಇಂಗ್ಲಿಷಿನ ಬಹುವಚನದಲ್ಲಿ ಮುಂದಿನ ಪ್ರತ್ಯಯವೇ ಹಿಂದಿನ ಪ್ರಕೃತಿಯನ್ನು ಅನುಸರಿಸುವುದು. ನಮ್ಮಲ್ಲಿ ಅದಕ್ಕೆ ಸಮೀಪವಾದುದು ವಾಕ್, ಹರಿ ಎಂಬವು ಸೇರಿ ವಾಗ್ಘರಿಯಾಗುವಾಗಿನ ಪೂರ್ವಸವರ್ಣ (8.4.62). ಸಾದೃಶ್ಯವನ್ನು ಕಂಡಲ್ಲಿ ದಿಕ್ಕನ್ನೂ ಪರೀಕ್ಷಿಸಬೇಕು. ಇಲ್ಲವಾದರೆ ಹೋಲಿಕೆಯು ಜ್ಞಾನವನ್ನು ಕೊಡದೆ ಭ್ರಮೆಯನ್ನು ಕೊಡುವುದು.

ಹಿಂದಿನದು ಮುಂದಿನದನ್ನು ಅನುಸರಿಸುವ ಕ್ರಮವೂ ಇಂಗ್ಲಿಷಿನಲ್ಲಿ ಇಲ್ಲದೆ ಇಲ್ಲ. ನಿಷೇಧಾರ್ಥದ ಇನ್ ಎಂಬ ಉಪಸರ್ಗವು ಇಂಪಾಸಿಬಲ್ ಎಂಬಲ್ಲಿ ಮಕಾರಾಂತವಾಗುವುದು. ಇಲೀಗಲ್, ಇರೆಗ್ಯುಲರ್ ಎಂಬಲ್ಲಿ ಮುಂದಿನ ವರ್ಣದಲ್ಲಿ ಲೀನವಾಗುವುದು. ಉಚ್ಚಾರಣೆಯಲ್ಲಿ ಒಂದೇ ವರ್ಣ ಉಳಿದರೂ ಬರವಣಿಗೆಯು ದ್ವಿತ್ವವನ್ನು ಉಳಿಸಿಕೊಂಡಿದೆ. ತದ್, ಲಯ ಎಂಬವು ಸೇರಿ ತಲ್ಲಯವಾಗುವ ನ್ಯಾಯವೇ (8.4.60) ಇದು. ಆದರೆ ಅದೇ ಅರ್ಥದ ಅನ್ ಎಂಬ ಮತ್ತೊಂದು ಉಪಸರ್ಗವು ಅನ್‌ಲಾಫುಲ್, ಅನ್‌ರೀಡಬಲ್ ಎಂಬಲ್ಲಿ ಹೀಗೆ ಲೀನವಾಗುವುದಿಲ್ಲ. ಇನ್ ಎಂಬುದು ಲ್ಯಾಟಿನಿನಿಂದ ಬಂದುದು, ಅನ್ ಎಂಬುದು ಇಂಗ್ಲಿಷಿನ ಸ್ವಂತದ್ದು. ಅರ್ಥವು ಒಂದೇ, ರೂಪವೂ ಸಮೀಪ. ಆದರೂ ಒಂದಕ್ಕೆ ಸಂಧಿಯುಂಟು, ಮತ್ತೊಂದಕ್ಕೆ ಪ್ರಕೃತಿಭಾವ. 1066ರ ನಾರ್ಮನ್ ವಿಜಯದ ಅನಂತರ ಫ್ರೆಂಚಿನ ಮೂಲಕವಾಗಿಯೂ, ಆಮೇಲೆ ವಿದ್ವಾಂಸರ ಮೂಲಕ ನೇರವಾಗಿಯೂ ಹರಿದುಬಂದ ಲ್ಯಾಟಿನ್ ಶಬ್ದರಾಶಿಯು ತನ್ನ ಸಂಧಿಕ್ರಮವನ್ನೂ ಜೊತೆಯಲ್ಲಿ ತಂದಿತು. ಕನ್ನಡದಲ್ಲಿ ತತ್ಸಮಗಳಿಗೆ ಸವರ್ಣದೀರ್ಘ, ದೇಶೀಯಗಳಿಗೆ ಲೋಪಾಗಮಾದೇಶಗಳು ಎಂಬ ಎರಡು ವ್ಯವಸ್ಥೆಗಳಿರುವುದನ್ನು ಬಲ್ಲವನಿಗೆ ಇದನ್ನು ವಿವರಿಸಲು ಹೆಚ್ಚು ಕಾಲ ಬೇಕಾಗದು.

ಎ, ಆ್ಯನ್ ಎಂಬ ಅನಿಶ್ಚಯವಾಚಕವನ್ನು ಕಲಿಸುವಲ್ಲಿಯೂ ಇದೇ ಲೋಪವನ್ನು ಕಾಣುತ್ತೇವೆ. ಎ, ಇ, ಐ, ಒ, ಯು ಎಂಬ ಐದು ಲಿಪಿಗಳ ಹಿಂದೆ ಆ್ಯನ್ ಬರುವುದೆಂದು ಮಕ್ಕಳಿಗೆ ಕಂಠಪಾಠಮಾಡಿಸುತ್ತಾರೆ. ಹಾಗಾದರೆ ಯೂನಿವರ್ಸಿಟಿ ಎಂಬ ಶಬ್ದದ ಹಿಂದೆ ಎ ಎಂಬುದೂ, ಗಂಟೆಯೆಂಬ ಅರ್ಥದ ಅವರ್ ಎಂಬುದರ ಹಿಂದೆ ಆ್ಯನ್ ಎಂಬುದೂ ಏಕೆ? ಒಂದು ಯಕಾರಾದಿ, ಮತ್ತೊಂದು ಸ್ವರಾದಿ. ಲಿಪಿಯು ಎರಡು ಕಡೆಯೂ ಮೋಸಮಾಡುತ್ತದೆ. ಅಧರ್ಮದಲ್ಲಿ ಅ, ಅನಾದಿಯಲ್ಲಿ ಅನ್ ಎಂದು ಅರಿತ ಬಾಲಕನಿಗೆ ಇದು ಅರ್ಧ ಗಳಿಗೆಯ ಪಾಠ.

4

ಈಗ ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಬರುತ್ತೇನೆ. ಇಂಗ್ಲಿಷ್ ಪದದಲ್ಲಿ ಒಂದು ಅಕ್ಷರಕ್ಕೆ ಪ್ರಧಾನವಾದ ಬಲಾಘಾತವಿರುವುದು. ಘಾತವಿಲ್ಲದ ಅಕ್ಷರಗಳ ಸ್ವರವು ಹಲವೆಡೆ ಕ್ಷೀಣಿಸಿ, ನಾಲಗೆಯು ನಡುವೆ ನಿಶ್ಚೇಷ್ಟವಾಗಿರುವಾಗ ಹೊರಡುವ ಒಂದು ಅಸ್ಫುಟವಾದ ಅಕಾರವಾಗುವುದು. ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಬಳಕೆಯಾಗುವ ಸ್ವರವೇ ಇದು. ಇದಕ್ಕೆ ಪ್ರತ್ಯೇಕವಾದ ಲಿಪಿಯೇ ಇಲ್ಲ. ಫೋಟೊಗ್ರಾಫ್ ಎಂಬಲ್ಲಿ ಮೊದಲನೆಯ ಅಕ್ಷರಕ್ಕೆ ಘಾತ, ಎರಡನೆಯದು ಕ್ಷೀಣ. ಫೊಟಾಗ್ರಫಿ ಎಂಬಲ್ಲಿ ಎರಡನೆಯದಕ್ಕೆ ಘಾತ, ಮೊದಲನೆಯದೂ ಮೂರನೆಯದೂ ಕ್ಷೀಣ. ಫೋಟೊಗ್ರ್ಯಾಫಿಕ್ ಎಂಬಲ್ಲಿ ಮೂರನೆಯದಕ್ಕೆ ಘಾತ. ಪ್ರಕೃತಿಯು ಒಂದೇ, ಕಿವಿಗೆ ಮೂರು ಆಕಾರಗಳು. ಪಟ್ಟಿಯಿಂದ ಕಲಿತವನಿಗೆ ಇವು ಮೂರು ಶಬ್ದಗಳು. ಪ್ರತ್ಯಯದ ಸ್ವಭಾವವನ್ನು ತಿಳಿದವನಿಗೆ ಒಂದು ಶಬ್ದ, ಒಂದು ನಿಯಮ.

ರೋಚ್ ಅವರು ತಮ್ಮ ಹನ್ನೊಂದನೆಯ ಅಧ್ಯಾಯದಲ್ಲಿ ಪ್ರತ್ಯಯಗಳನ್ನು ಮೂರು ಗುಂಪುಮಾಡಿದ್ದಾರೆ: ಘಾತವನ್ನು ತಾವೇ ಹೊರುವವು, ಪ್ರಕೃತಿಯ ಘಾತವನ್ನು ಇದ್ದಂತೆಯೇ ಬಿಡುವವು, ಪ್ರಕೃತಿಯಲ್ಲಿ ಘಾತದ ಸ್ಥಾನವನ್ನು ಬದಲಾಯಿಸುವವು. ವಿಭಾಗವು ನಿರ್ದುಷ್ಟವಾಗಿದೆ. ಆದರೆ ಅದು ಒಂದು ಪಟ್ಟಿಯಾಗಿ ಉಳಿದಿದೆ. ಘಾತವಿಲ್ಲದ ಅಕ್ಷರವು ಕ್ಷೀಣಿಸುವ ವಿಚಾರವು ಒಂಬತ್ತನೆಯ ಅಧ್ಯಾಯದಲ್ಲಿದ್ದು, ಕಾರ್ಯವನ್ನು ಓದುವಾಗ ಕಾರಣವು ಇನ್ನೂ ಬಂದಿರುವುದಿಲ್ಲ.

ಪಾಣಿನಿಯು ಇಂಥ ಸಂದರ್ಭದಲ್ಲಿ ಏನು ಮಾಡಿದನು? ಪ್ರತ್ಯಯಕ್ಕೇ ಒಂದು ಇತ್‌ಸಂಜ್ಞಕವಾದ ವರ್ಣವನ್ನು ಅನುಬಂಧವಾಗಿ ಕಟ್ಟಿದನು. ಅದು ಉಚ್ಚಾರಣೆಯಲ್ಲಿ ಲೋಪವಾಗುವುದು. ಆದರೆ ಪ್ರತ್ಯಯವು ಪ್ರಕೃತಿಗೆ ಏನು ಮಾಡುವುದೆಂಬುದನ್ನು ಸಾರುವುದು. ಚಕಾರವು ಇತ್ತಾದರೆ ಸಿದ್ಧವಾದ ಶಬ್ದದ ಕೊನೆಯು ಉದಾತ್ತ (6.1.163), ತೃಚ್ ಪ್ರತ್ಯಯಾಂತವಾದ ಕರ್ತೃಶಬ್ದದಂತೆ. ಪಕಾರವು ಇತ್ತಾದರೆ ಪ್ರತ್ಯಯವು ಅನುದಾತ್ತ (3.1.4); ತಮಪ್ ಸೇರಿದ ಪ್ರಿಯತಮದಲ್ಲಿ ಪ್ರಿಯಶಬ್ದದ ಸ್ವರವೇ ಉಳಿಯುವುದು. ಲಕಾರವು ಇತ್ತಾದರೆ ಪ್ರತ್ಯಯಕ್ಕಿಂತ ಹಿಂದಿನ ಅಕ್ಷರವು ಉದಾತ್ತ (6.1.193), ಜನಶಬ್ದದಲ್ಲಿ ಮೊದಲ ಅಕ್ಷರದ ಮೇಲಿದ್ದ ಉದಾತ್ತವು ತಲ್ ಸೇರಿದ ಜನತಾಶಬ್ದದಲ್ಲಿ ನಕಾರದ ಮೇಲಿನ ಅಕಾರಕ್ಕೆ ಸರಿಯುವುದು.

ಇಂಗ್ಲಿಷಿನ ಪ್ರತ್ಯಯಗಳಿಗೆ ಇವೇ ಮೂರು ಅನುಬಂಧಗಳನ್ನು ಕಟ್ಟಿ ನೋಡಬಹುದೆಂಬುದು ನನ್ನ ಸೂಚನೆ. ಎಂಪ್ಲಾಯೀ, ಜಪನೀಸ್, ವಾಲಂಟಿಯರ್ ಎಂಬಲ್ಲಿಯ ಈ, ಈಸ್, ಇಯರ್ ಎಂಬ ಪ್ರತ್ಯಯಗಳು ಚಿತ್ತುಗಳು, ಘಾತವು ಕೊನೆಯಲ್ಲಿ. ಕೈಂಡ್‌ನೆಸ್, ಬ್ಯೂಟಿಫುಲ್, ಪವರ್‌ಲೆಸ್ ಎಂಬಲ್ಲಿಯ ನೆಸ್, ಫುಲ್, ಲೆಸ್ ಎಂಬವು ಪಿತ್ತುಗಳು; ಪ್ರಕೃತಿಯ ಘಾತವು ಅಲುಗದು. ಇಕ್, ಇಟಿ, ಷನ್, ಗ್ರಫಿ ಎಂಬವು ಲಿತ್ತುಗಳು. ಘಾತವು ಪ್ರತ್ಯಯದ ಹಿಂದಿನ ಅಕ್ಷರಕ್ಕೆ. ಹಿಸ್ಟರಿ ಎಂಬುದರಿಂದ ಹಿಸ್ಟಾರಿಕ್, ಎಜುಕೇಟ್ ಎಂಬುದರಿಂದ ಎಜುಕೇಷನ್, ಹ್ಯೂಮನ್ ಎಂಬುದರಿಂದ ಹ್ಯೂಮ್ಯಾನಿಟಿ. ಈ ಕಡೆಯ ಜೋಡಿಯಲ್ಲಿ ಮೊದಲನೆಯ ಅಕ್ಷರದಿಂದ ಎರಡನೆಯದಕ್ಕೆ ಘಾತವು ಸರಿದಿರುವುದನ್ನೂ, ಜನ, ಜನತಾ ಎಂಬ ಜೋಡಿಯನ್ನೂ ಒಟ್ಟಿಗೆ ನೋಡಿದ ವಿದ್ಯಾರ್ಥಿಯು ನಿಯಮವನ್ನು ಮರೆಯಲಾರನು.

ಪ್ರತ್ಯಯದ ಮೇಲೆ ಪ್ರತ್ಯಯವು ಬಂದಾಗಲೂ ಈ ಕ್ರಮವು ನಿಲ್ಲುತ್ತದೆ. ಆಟಂ ಎಂಬಲ್ಲಿ ಘಾತವು ಮೊದಲನೆಯದರ ಮೇಲೆ. ಅಟಾಮಿಕ್ ಎಂಬಲ್ಲಿ ಎರಡನೆಯದರ ಮೇಲೆ. ಅದಕ್ಕೆ ಇಟಿ ಸೇರಿ ಆಟಮಿಸಿಟಿಯಾದಾಗ ಮೂರನೆಯದರ ಮೇಲೆ. ಕಡೆಯಲ್ಲಿ ವಿಹಿತವಾದ ಸ್ವರವೇ ಬಲವತ್ತರವೆಂಬ ನಮ್ಮ ಸತಿಶಿಷ್ಟನ್ಯಾಯವು ಇಲ್ಲಿಯೂ ಕಾಣುತ್ತದೆ. ಇದರೊಡನೆ ಪ್ರಕೃತಿಯ ವ್ಯಂಜನವೂ ಬದಲಾಗಿರುವುದನ್ನು ಗಮನಿಸಬೇಕು: ಅಟಾಮಿಕ್ ಎಂಬಲ್ಲಿಯ ಕಕಾರವು ಇಟಿಯ ಹಿಂದೆ ಸಕಾರವಾಯಿತು. ಎಲೆಕ್ಟ್ರಿಕ್, ಎಲೆಕ್ಟ್ರಿಸಿಟಿ ಎಂಬಲ್ಲಿಯೂ ಹಾಗೆಯೇ. ತಾಲವ್ಯಸ್ವರದ ಸಂಗದಿಂದ ಕಕಾರವು ಮುಂದಕ್ಕೆ ಜರುಗುವುದು ಹಲವು ಭಾಷೆಗಳ ಚರಿತ್ರೆಯಲ್ಲಿ ಉಂಟು. ನಮ್ಮ ಕಿವಿ ಎಂಬುದಕ್ಕೆ ತಮಿಳಿನಲ್ಲಿ ಚೆವಿ ಎಂದಾಗಿರುವುದು ಹತ್ತಿರದ ನಿದರ್ಶನ. ಡಿವೈನ್, ಡಿವಿನಿಟಿ, ಸೇನ್, ಸ್ಯಾನಿಟಿ ಎಂಬಲ್ಲಿ ಸ್ವರವೂ ಬದಲಾಗಿದೆ. ಇಂಥ ವಿಕಾರಗಳೆಲ್ಲವೂ ಬಹುಮಟ್ಟಿಗೆ ಲಿತ್ತುಗಳ ಹಿಂದೆ ಆಗುವವೇ ಹೊರತು ಪಿತ್ತುಗಳ ಹಿಂದೆ ಅಲ್ಲ. ಹೀಗೆ ಘಾತ, ಸ್ವರವಿಕಾರ, ವ್ಯಂಜನವಿಕಾರ ಮೂರನ್ನೂ ಒಂದು ಅನುಬಂಧವು ಸೂಚಿಸಬಲ್ಲದು.

ಪ್ರತ್ಯಯಗಳಲ್ಲಿ ಎರಡು ವರ್ಗಗಳುಂಟೆಂಬುದನ್ನು ಪಾಶ್ಚಾತ್ಯ ವಿದ್ವಾಂಸರು ಕಂಡಿಲ್ಲವೆಂದು ನಾನು ಹೇಳುತ್ತಿಲ್ಲ. 1974ರಲ್ಲಿ ಡೊರೊಥಿ ಸೀಗಲ್ ಅವರೂ, 1982ರಲ್ಲಿ ಪಾಣಿನೀಯವನ್ನು ಚೆನ್ನಾಗಿ ಬಲ್ಲ ಪಾಲ್ ಕಿಪಾರ್ಸ್ಕಿ ಅವರೂ ಇದನ್ನು ವಿಸ್ತಾರವಾಗಿ ನಿರೂಪಿಸಿದ್ದಾರೆ. ಆ ಜ್ಞಾನವು ಪ್ರೌಢಗ್ರಂಥಗಳಲ್ಲಿ ನಿಂತು, ಮೊದಲ ಪಾಠದವರೆಗೆ ಇಳಿದುಬಂದಿಲ್ಲವೆಂಬುದೇ ನನ್ನ ಆಕ್ಷೇಪ.

5

ಸಮಾಸದ ವಿಷಯವನ್ನು ಸಂಕ್ಷೇಪವಾಗಿ ಹೇಳುವೆನು. ಬ್ಲ್ಯಾಕ್ ಬರ್ಡ್ ಎಂದು ಎರಡು ಪದಗಳಾಗಿ, ಎರಡನೆಯದಕ್ಕೆ ಘಾತವನ್ನು ಕೊಟ್ಟು ಹೇಳಿದರೆ ಕಪ್ಪಾದ ಯಾವುದೋ ಹಕ್ಕಿ. ಮೊದಲನೆಯದನ್ನು ಒತ್ತಿ ಒಂದೇ ಪದವಾಗಿ ಹೇಳಿದರೆ ಒಂದು ಜಾತಿಯ ಹಕ್ಕಿ. ಗ್ರೀನ್ ಹೌಸ್ ಎಂಬಲ್ಲಿಯೂ ಹೀಗೆಯೇ: ಹಸುರು ಬಣ್ಣದ ಮನೆ, ಗಿಡಗಳನ್ನು ಬೆಳೆಸುವ ಗಾಜಿನ ಮನೆ. ಸ್ವರಭೇದದಿಂದ ಅರ್ಥಭೇದವಾಗುವುದಕ್ಕೆ ನಮ್ಮಲ್ಲಿ ಮಹಾಭಾಷ್ಯದ ಪಸ್ಪಶಾಹ್ನಿಕದಲ್ಲಿ ಬರುವ ಇಂದ್ರಶತ್ರುವಿನ ಪ್ರಸಂಗವೇ ಪ್ರಸಿದ್ಧ. ಅಂತೋದಾತ್ತವಾದರೆ (6.1.223) ತತ್ಪುರುಷ, ಇಂದ್ರನನ್ನು ಕೊಲ್ಲುವವನು, ಪೂರ್ವಪದಪ್ರಕೃತಿಸ್ವರವಾದರೆ (6.2.1) ಬಹುವ್ರೀಹಿ, ಇಂದ್ರನನ್ನೇ ಕೊಲ್ಲುವವನಾಗಿ ಉಳ್ಳವನು. ಬಹುವ್ರೀಹಿ, ದ್ವಂದ್ವ ಎಂಬ ನಮ್ಮ ಹೆಸರುಗಳನ್ನೇ ಬ್ಲೂಮ್‌ಫೀಲ್ಡ್ ಅವರು 1933ರ ತಮ್ಮ ‘ಲ್ಯಾಂಗ್ವೇಜ್’ ಎಂಬ ಗ್ರಂಥದಲ್ಲಿ ಬಳಸಿದ್ದಾರೆ. ಹೀಗಿರುವಲ್ಲಿ ಇಂಗ್ಲಿಷಿನ ಸಮಾಸವನ್ನು ಕಲಿಸುವಾಗ ಅರ್ಥವನ್ನು ಮಾತ್ರ ಹೇಳಿ ಘಾತವನ್ನು ಬಿಡುವುದು ಸಮಂಜಸವಲ್ಲ.

6

ಇದಕ್ಕೆ ಎರಡು ಪೂರ್ವಪಕ್ಷಗಳು ಬರಬಹುದು. ಸಂಸ್ಕೃತದ ಅಚ್ಚಿನಲ್ಲಿ ಇಂಗ್ಲಿಷನ್ನು ಎರಕಹೊಯ್ಯುವುದು, ಒಂದು ಕಾಲದಲ್ಲಿ ಇಂಗ್ಲಿಷಿಗೆ ಲ್ಯಾಟಿನ್ ವ್ಯಾಕರಣವನ್ನು ಹೊದಿಸಿದಂಥ ತಪ್ಪೇ ಅಲ್ಲವೇ ಎಂಬುದು ಒಂದು. ಆಕ್ಷೇಪವು ಗೌರವಾರ್ಹವಾದುದು. ವೈದಿಕಸ್ವರವು ಮುಖ್ಯವಾಗಿ ಧ್ವನಿಯ ಏರಿಳಿತ. ಇಂಗ್ಲಿಷಿನ ಘಾತದಲ್ಲಿ ಏರಿಳಿತದೊಡನೆ ಬಲವೂ, ಕಾಲವೂ, ಸ್ವರದ ಸ್ಫುಟತೆಯೂ ಸೇರಿವೆ. ಉದಾತ್ತವನ್ನೂ ಘಾತವನ್ನೂ ಒಂದೇ ಎಂದರೆ ಅದು ಅಪಸಿದ್ಧಾಂತವಾದೀತು. ನಾನು ಪಾಣಿನಿಯಿಂದ ತೆಗೆದುಕೊಳ್ಳುವುದು ಸ್ಥಾನನಿರ್ಣಯದ ವಿಧಾನವನ್ನು, ವಸ್ತುವನ್ನಲ್ಲ. ಇಂಗ್ಲಿಷಿನಲ್ಲಿರುವುದೆಲ್ಲವೂ ನಮ್ಮಲ್ಲಿ ಮೊದಲೇ ಇತ್ತೆಂದು ಹಿಗ್ಗುವುದಕ್ಕೆ ಇಲ್ಲಿ ಆಸ್ಪದವಿಲ್ಲ. ಹಾಗೆ ಹಿಗ್ಗಿದವರು ಇಂಗ್ಲಿಷನ್ನೂ ಕಲಿಯಲಿಲ್ಲ, ಪಾಣಿನಿಯನ್ನೂ ಓದಲಿಲ್ಲ.

ನಿಯಮಗಳಿಗೆ ಅಪವಾದಗಳು ಬಹಳ ಎಂಬುದು ಎರಡನೆಯದು. ಉಂಟು. ಕ್ಯಾಥಲಿಕ್, ಅರಬಿಕ್, ಲೂನಟಿಕ್ ಎಂಬ ಇಕ್ ಪ್ರತ್ಯಯಾಂತಗಳಲ್ಲಿ ಘಾತವು ಮೊದಲನೆಯ ಅಕ್ಷರದ ಮೇಲೆಯೇ ಇದೆ. ಏಬಲ್ ಎಂಬ ಪ್ರತ್ಯಯವು ಅಕ್ಸೆಪ್ಟಬಲ್ ಎಂಬಲ್ಲಿ ಪಿತ್ತಿನಂತಿದ್ದು, ಅಡ್ಮೈರ್ ಎಂಬುದರಿಂದ ಬಂದ ಆಡ್ಮಿರಬಲ್ ಎಂಬಲ್ಲಿ ಘಾತವನ್ನು ಮೊದಲಿಗೆ ಎಳೆದಿದೆ. ಪಿತ್ತಿನ ಮೇಲೆ ಲಿತ್ತು ಸಾಮಾನ್ಯವಾಗಿ ಬಾರದಿದ್ದರೂ ಏಬಲ್ ಎಂಬುದರ ಮೇಲೆ ಇಟಿ ಬರುವುದು. ಇವುಗಳನ್ನು ಮರೆಮಾಚಬೇಕಾಗಿಲ್ಲ. ಉತ್ಸರ್ಗವನ್ನು ಹೇಳಿ, ಅಪವಾದವನ್ನು ಎಣಿಸಿ, ಎರಡೂ ಸಾಧುವಾದಲ್ಲಿ ವಿಕಲ್ಪವನ್ನು ವಿಧಿಸುವುದು ಶಾಸ್ತ್ರದ ದಾರಿ. ಆಕ್ಸ್ ಎಂಬುದಕ್ಕೆ ಆಕ್ಸನ್ ಎಂಬ ವಿಶೇಷರೂಪವಿರುವುದರಿಂದ ಸಾಮಾನ್ಯವಾದ ಬಹುವಚನವು ಅಲ್ಲಿ ಬಾಧಿತವಾಗುವುದು. ಈ ಬಾಧ್ಯಬಾಧಕಭಾವವನ್ನು ಆಧುನಿಕ ಭಾಷಾಶಾಸ್ತ್ರವು ಪಾಣಿನಿಯ ಹೆಸರಿನಿಂದಲೇ ಗುರುತಿಸಿದೆ. ಅಪವಾದಗಳಿವೆಯೆಂದು ನಿಯಮವನ್ನು ಬಿಟ್ಟವನು ಎಲ್ಲವನ್ನೂ ಅಪವಾದವೆಂದೇ ಕಂಠಪಾಠಮಾಡಬೇಕಾಗುವುದು.

ಇನ್ನೊಂದು ತುದಿಯಲ್ಲಿ ನಿಲ್ಲುವ ಗ್ರಂಥವೂ ಉಂಟು. ಚಾಮ್ಸ್ಕಿ ಮತ್ತು ಹ್ಯಾಲೆ ಅವರು 1968ರಲ್ಲಿ ಪ್ರಕಟಿಸಿದ ‘ದ ಸೌಂಡ್ ಪ್ಯಾಟರ್ನ್ ಆಫ್ ಇಂಗ್ಲಿಷ್’ ಘಾತವನ್ನೂ ವಿಕಾರಗಳನ್ನೂ ಒಂದೇ ಸೂತ್ರಪರಂಪರೆಯಿಂದ ಸಾಧಿಸಲು ಯತ್ನಿಸಿತು. ಇಂಗ್ಲಿಷಿನ ಬರವಣಿಗೆಯು ಶಬ್ದದ ಮೂಲರೂಪವನ್ನು ತೋರಿಸುವುದರಲ್ಲಿ ಬಹಳ ಸಮರ್ಥವಾಗಿದೆಯೆಂದು ವಾದಿಸಿತು. ಡಿವೈನ್, ಡಿವಿನಿಟಿ ಎಂಬವನ್ನು ಒಂದೇ ಲಿಪಿಯಿಂದ ಬರೆಯುವುದು ಬಂಧುತ್ವವನ್ನು ಉಳಿಸುವುದೆಂಬಷ್ಟು ಮಟ್ಟಿಗೆ ಅದು ನಿಜ. ಆದರೆ ಹದಿನೈದನೆಯ ಶತಮಾನದಿಂದ ಕೆಲವು ಶತಮಾನಗಳ ಕಾಲ ನಡೆದ ದೀರ್ಘಸ್ವರಗಳ ಪಲ್ಲಟವನ್ನು ಇಂದಿನ ಬಾಲಕನ ಮನಸ್ಸಿನೊಳಗೆ ನಡೆಯುವ ಪ್ರಕ್ರಿಯೆಯೆಂಬಂತೆ ನಿರೂಪಿಸಿದುದು ಅತಿಯಾಯಿತೆಂದು ತೋರುವುದು. ಚರಿತ್ರೆಯು ಚರಿತ್ರೆಯಾಗಿಯೇ ಇರಲಿ, ಪ್ರಕ್ರಿಯೆಯು ಪ್ರಕ್ರಿಯೆಯಾಗಿರಲಿ.

7

ಒಟ್ಟಿನ ಮೇಲೆ ಪಾಠಕ್ರಮವನ್ನು ಹೀಗೆ ಮಾರ್ಪಡಿಸಬಹುದು. ಮೊದಲ ದಿನವೇ 44 ವರ್ಣಗಳ ಪಟ್ಟಿಯನ್ನು ಮುಂದಿಡದೆ, ಬಹುವಚನ ಭೂತಕಾಲಗಳ ಪ್ರತ್ಯಯಗಳನ್ನು ಕೊಟ್ಟು ಘೋಷ ಅಘೋಷಗಳ ಭೇದವನ್ನು ವಿದ್ಯಾರ್ಥಿಯೇ ಕಂಠದ ಮೇಲೆ ಕೈಯಿಟ್ಟು ತಿಳಿಯುವಂತೆ ಮಾಡುವುದು. ಸ್ಥಾನ, ಕರಣ, ಪ್ರಯತ್ನಗಳನ್ನು ಆ ಕಾರ್ಯಕ್ಕೆ ಬೇಕಾದಷ್ಟೇ ಹೇಳುತ್ತ ಹೋಗುವುದು. ಪಿನ್, ಸ್ಪಿನ್ ಮೊದಲಾದುವುಗಳಿಂದ ಧ್ವನಿ, ವರ್ಣ ಎಂಬ ಭೇದವನ್ನು ತೋರಿಸುವುದು. ಆಮೇಲೆ ಪ್ರತಿಯೊಂದು ಪ್ರತ್ಯಯವನ್ನೂ ಅದರ ಅರ್ಥ, ಅದರ ಘಾತ, ಅದರ ವಿಕಾರ ಈ ಮೂರರೊಡನೆ ಒಟ್ಟಿಗೆ ಉಪದೇಶಿಸುವುದು. ಪೂರ್ಣವಾದ ವರ್ಣಸಂಖ್ಯೆಯನ್ನು ಕಡೆಯಲ್ಲಿ ಸಂಗ್ರಹವಾಗಿ ಹೇಳುವುದು. ನಿಘಂಟನ್ನು ನೋಡುವ ಅಭ್ಯಾಸವು ಇದರಿಂದ ತಪ್ಪುವುದಿಲ್ಲ. ನೋಡಿದುದು ಏಕೆ ಹಾಗಿದೆಯೆಂಬುದು ಮಾತ್ರ ತಿಳಿದಿರುವುದು.

ಅನುಬಂಧದ ಹೆಸರುಗಳು ನನ್ನ ಸೂಚನೆಯಷ್ಟೇ. ಸಂಸ್ಕೃತವನ್ನು ಓದದ ವಿದ್ಯಾರ್ಥಿಗಳಿಗೆ ಬೇರೆ ಗುರುತುಗಳನ್ನು ಇಟ್ಟುಕೊಳ್ಳಬಹುದು. ಇಂಗ್ಲಿಷನ್ನು ಬೋಧಿಸುವ ವಿದ್ವಾಂಸರು ತಮ್ಮ ತರಗತಿಗಳಲ್ಲಿ ಇದನ್ನು ಪರೀಕ್ಷಿಸಿ, ಲಿತ್ತುಗಳೆಂದು ನಾನು ಹೇಳಿದ ಪ್ರತ್ಯಯಗಳಿಗೆ ಇನ್ನೂ ಎಷ್ಟು ಅಪವಾದಗಳಿವೆಯೆಂಬುದನ್ನು ಪಟ್ಟಿಮಾಡಿದರೆ ಉಪಕಾರವಾಗುವುದು. ಆ ವಿದ್ಯಾರ್ಥಿಯು ಈಗ ತಾನೇ ಒಂದು ಪ್ರೌಢಶಾಲೆಯಲ್ಲಿ ಉಪಾಧ್ಯಾಯನಾಗಿದ್ದಾನೆ. ಅವನಿಗೆ ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಷ್ಟು ತಡವಾಗಿ ಇಲ್ಲಿ ಬರೆದಿದ್ದೇನೆ. ಅವನ ಮುಂದೆ ಕುಳಿತಿರುವ ಹುಡುಗರು ಅದೇ ಪ್ರಶ್ನೆಯನ್ನು ಕೇಳಿದಾಗ, ನಿಯಮವಿಲ್ಲವೆಂಬ ಮಾತು ಅವನ ಬಾಯಿಂದ ಬಾರದಿದ್ದರೆ ಸಾಕು.